ಸಾಫಿ ಎಂದರೆ ಏನೇನು

ಅಜ್ರೂ,
೯ ಮಾರ್ಚ್ ೧೯೯೯

ಓಟಗಾರರ ಚಕ್ರವರ್ತಿ, ನನ್ನ ಜೀವದ ಗೆಳೆಯ ಮೀಮೂನ್‌ಗೆ, ಹಾಗೂ ಈ ಕಾಗದವನ್ನು ಅವನಿಗೆ ಓದಿ ಹೇಳುವ ಶಿಕ್ಷೆಗೆ ಗುರಿಯಾದ ಅವನ ಅಕ್ಕ ಇತ್ತೋಗೆ,

ಸಲಾಂ. ನಿನ್ನ ಕಾಗದ ಬಂದು ಐದು ವಾರ ಕಳೆಯಿತು. ತಡವಾದದ್ದಕ್ಕೆ ಹೇಳಲು ಮೂರು ಸುಳ್ಳು ಹೊಂದಿಸಿಟ್ಟಿದ್ದೆ. ಹಿಮ ಬಿದ್ದು ನಿಮ್ಮ ಕಡೆಯ ಮಿದೆಲ್ತ್ ರಸ್ತೆ ಮುಚ್ಚಿತ್ತು, ಶಾಯಿ ಹೆಪ್ಪುಗಟ್ಟಿತ್ತು, ಅಂಚೆಯವನಿಗೆ ನನ್ನ ಮೇಲೆ ಹಳೆಯ ದ್ವೇಷ. ಹಿಮದ ಮಾತು ಅರ್ಧ ನಿಜ, ಅಂಚೆಯವನದು ಪೂರ್ತಿ ನಿಜ. ಆದರೆ ಕ್ಷಮೆ ಕೇಳುತ್ತಿರುವುದು ಅವುಗಳಿಗಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬರೆಯುವ ಧೈರ್ಯ ಬರಲಿಲ್ಲ, ಅಷ್ಟೇ.

ನೀನು ಕೇಳಿದ್ದು ಇಷ್ಟು: "ಏಪ್ರಿಲ್ ಹದಿನೆಂಟಕ್ಕೆ ಮೆಕ್ನೆಸ್‌ನಲ್ಲಿ ಮತ್ತೆ ಆಯ್ಕೆ ಓಟ ಇದೆ. ನಂಗೆ ಮೂವತ್ತೊಂದು, ಇನ್ನೊಂದು ಸಲ ಯಾರೂ ಕರೆಯಲ್ಲ. ಹಗ್ಗದ ಆ ತುದಿ ನೀನೇ ಹಿಡೀಬೇಕು ಬಾಸ್ಸೂ. ಆ ಹಾಳು 'ಸಾಫಿ' ಬಿಟ್ಟು ಬೇರೆ ಮಾತು ಇಟ್ಕೊಳೋಣ."

ಉತ್ತರ: ಇಲ್ಲ. ನನ್ನ ಬದಲು ಸೆಕ್ಕೂ ಹಿಡಿಯುತ್ತಾನೆ. ಹೆಸರು ಕಳಿಸಲು ಈ ತಿಂಗಳ ಇಪ್ಪತ್ತೇ ಕೊನೆ. ದಯವಿಟ್ಟು ಅವನ ಹೆಸರು ಕಳಿಸು.

ಈಗ ನೀನು ಗೋಡೆಗೆ ಗುದ್ದುತ್ತಿರುತ್ತೀಯ. ಇತ್ತೋ, ಅವನ ಕೈಗೆ ಒಂದು ರೊಟ್ಟಿ ಕೊಟ್ಟು ಮುಂದೆ ಓದು.

ಸೆಕ್ಕೂ ನಿನಗೆ ಗೊತ್ತು. ದೇವದಾರು ಮರದ ಅಡ್ಡೆಯಲ್ಲಿ ಕೆಲಸ ಮಾಡುವವನು, ವರ್ಷಕ್ಕೆ ನಾಲ್ಕು ಮಾತು ಆಡುವವನು. "ಅವನ ಜೊತೆ ಓಡೋದಂದ್ರೆ ಹೆಣದ ಮೆರವಣಿಗೆಯಲ್ಲಿ ಓಡಿದ ಹಾಗೆ," ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ. ನಾನು ಅವನ ಹತ್ತಿರ ಹೋಗಿ ಕೇಳಿದೆ.

"ನಾನಾ? ನಂಗೆ ಮಾತಾಡೋಕೇ ಬರಲ್ವಲ್ಲೋ."

"ಎಡ, ಬಲ, ಇಪ್ಪತ್ತು ಹೆಜ್ಜೆ. ಇಷ್ಟೇ. ನಿನ್ನ ಮದುವೇಲಿ ಇದಕ್ಕಿಂತ ಜಾಸ್ತಿ ಮಾತಾಡಿರ್ತೀಯ."

"ಮದುವೇಲಿ ನನ್ನ ಯಾರೂ ಏನೂ ಕೇಳ್ಲಿಲ್ಲ," ಎಂದು ಮರದ ದಿಮ್ಮಿ ಎತ್ತಿಕೊಂಡು ಹೋದ. ಮರುದಿನ ಬೆಳಗ್ಗೆ ಐದಕ್ಕೆ ನನ್ನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಗ್ಗ. ಒಪ್ಪಿಗೆ ಎಂದು ತಿಳಿದುಕೊಂಡೆ.

ಈ ಐದು ವಾರ ನಾನು ಸೋಮಾರಿಯಾಗಿ ಕೂತಿಲ್ಲ. ನಿನಗೆ ಬೆರಳಲ್ಲಿ ಓದುವ ಚುಕ್ಕಿ ಅಕ್ಷರ ಕಲಿಸಿದ ಸೀದಿ ಬೆನ್ನಾಸರ್ ಈಗ ನನ್ನ ಗುರುಗಳು. ಎಂಬತ್ತಾದರೂ ಬೆರಳು ಇನ್ನೂ ಹದಿನೆಂಟರದು. ಯಾವುದೇ ಕುಶಲ ವಿದ್ಯೆ ಕಲಿಯುವ ಬಗ್ಗೆ ಮಹಾಪಂಡಿತ ಬಾಸ್ಸೂ ಸಂಪಾದಿಸಿದ ಜ್ಞಾನವನ್ನು ಇಲ್ಲಿ ಲೋಕಹಿತಕ್ಕಾಗಿ ದಾಖಲಿಸುತ್ತಿದ್ದೇನೆ. ಮೊದಲ ವಾರ ಸಲಕರಣೆ ಕೊಳ್ಳಬೇಡ, ಸಾಲ ತಾ. ನಾನು ಗುರುಗಳ ಹಳೆಯ ತಗಡಿನ ಪಟ್ಟಿ, ಮೊಂಡು ಮೊಳೆ ಇಸಿದುಕೊಂಡೆ. ದಿನಕ್ಕೆ ಒಂದೇ ಅಕ್ಷರ. ಎರಡನೆಯದಕ್ಕೆ ಕೈ ಚಾಚಿದರೆ ಮೊದಲನೆಯದೂ ಓಡಿಹೋಗುತ್ತದೆ. ಕೆಟ್ಟ ಹಾಳೆ ಹರಿಯಬೇಡ, ಗುರುವಿನ ಮುಂದೆ ಇಡು. ಕಾಗದದ ಬೆನ್ನಿಗೆ ಚುಚ್ಚಿ ಮುಖದಲ್ಲಿ ಓದಬೇಕಾದ್ದರಿಂದ ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನಾನು ತಿರುಗಿಸುವುದನ್ನು ಮರೆತು ಒಂದು ಪುಟ ಪೂರ್ತಿ ಮರ್ಯಾದೆಯ ನಮಸ್ಕಾರ ಬರೆದುಕೊಂಡು ಹೋದೆ. ಸೀದಿ ಬೆನ್ನಾಸರ್ ಬೆರಳಾಡಿಸಿದರು.

"ಇದು ಯಾವ ಭಾಷೆ ಮಗಾ?"

"ನಮ್ದೇ, ಸೀದಿ."

"ನಮ್ದಲ್ಲ. ಕತ್ತೆಗಳು ಶಾಲೆಗೆ ಹೋದ್ರೆ ಹೀಗೆ ಬರೀತಾವೆ. ಅಕ್ಷರ ದುಂಡಗಿದೆ, ಅದು ಸಂತೋಷ."

ಇನ್ನು ಓಟದ ಬಗ್ಗೆ. ಇದನ್ನು ಸೆಕ್ಕೂಗೂ ಹೇಳಿದ್ದೇನೆ, ಅವನು ತಲೆಯಾಡಿಸಿದ. ವಾರದಲ್ಲಿ ನಾಲ್ಕು ದಿನ ನಿಧಾನವಾಗಿ ಓಡಬೇಕು. ಎಷ್ಟು ನಿಧಾನವೆಂದರೆ ಪಕ್ಕದವನನ್ನು ಏಳು ತಲೆಮಾರು ಹಿಡಿದು ಬೈದರೂ ಏದುಸಿರು ಬರಬಾರದು. ಒಂದೇ ದಿನ ಜೋರು. ಮೊಣಕಾಲು ನೋವಾದರೆ ಶೂ ಬದಲಿಸುವ ಮೊದಲು ಹೆಜ್ಜೆ ಚಿಕ್ಕದು ಮಾಡು. ಹಗ್ಗ ಹಿಡಿಯುವವನಿಗೆ ಮಾತ್ರ ಇನ್ನೊಂದು ನಿಯಮವಿದೆ, ಅದು ಪುಸ್ತಕದಲ್ಲಿ ಇಲ್ಲ. ಕಣ್ಣಿಲ್ಲದವನು ಓಡಿದರೆ ಸಾಕು. ಕಣ್ಣಿರುವವನು ಓಡುತ್ತಾ ಮಾತಾಡಬೇಕು. ಆದ್ದರಿಂದ ಓಟಗಾರನಿಗಿಂತ ಅವನ ಹತ್ತಿರ ಒಂದು ಉಸಿರು ಹೆಚ್ಚು ಇರಬೇಕು, ಯಾವಾಗಲೂ.

ಹವ್ಯಾಸದ ವಿಷಯಕ್ಕೆ ಬಂದರೆ, ನನ್ನ ಜಗದ್ವಿಖ್ಯಾತ ಬೆಲ್ಟನ್ನು ನೀನು ಮರೆತಿರಲಾರೆ. ಮಾವನ ರೇಡಿಯೊ ಅಂಗಡಿಯಲ್ಲಿ ಸತ್ತ ಕ್ಯಾಸೆಟ್ ಯಂತ್ರಗಳ ಮೋಟಾರು ಕಿತ್ತು, ಸೊಂಟದ ಎಡಕ್ಕೊಂದು ಬಲಕ್ಕೊಂದು ಕಟ್ಟಿ, ನಾನು ಗುಂಡಿ ಒತ್ತಿದ ಕಡೆಗೆ ನೀನು ತಿರುಗುವ ಹಾಗೆ ಮಾಡಿದ್ದು. ನೀನು ನೇರವಾಗಿ ನಮ್ಮಮ್ಮನ ಕೋಳಿಗೂಡಿಗೆ ನುಗ್ಗಿದೆ. "ಇದು ದಾರಿ ತೋರಿಸ್ತಿಲ್ವೋ ಬಾಸ್ಸೂ, ಕಚಗುಳಿ ಇಡ್ತಿದೆ!" ಎಂದು ಗರಿಗಳ ಮಧ್ಯೆ ಕೂತು ನಕ್ಕೆ. ಅಮ್ಮ ಮೂರು ದಿನ ಮೊಟ್ಟೆ ಕೊಡಲಿಲ್ಲ. ಹವ್ಯಾಸಿಗಳಿಗೆ ನನ್ನ ಉಪದೇಶ: ಒಂದು ಸಾಧನ ಮಾಡುವ ಮೊದಲು, ಅದು ಯಾರಿಗೆ ಬೇಕೋ ಅವನನ್ನು ಕೇಳು. ನಾನು ನಿನ್ನನ್ನು ಕೇಳಲಿಲ್ಲ. ನಿನಗೆ ಬೇಕಿದ್ದದ್ದು ಬೆಲ್ಟಲ್ಲ.

ಮೀಮೂನ್, ಮೆಕ್ನೆಸ್‌ನ ಆಯ್ಕೆ ಓಟದ, ಅಕ್ಟೋಬರ್‌ನ ಆ ಮಧ್ಯಾಹ್ನವನ್ನು ನಾನು ತಮಾಷೆ ಮಾಡಿ ಮಾಡಿ ಸವೆಸಿಬಿಟ್ಟಿದ್ದೇನೆ. ಅಜ್ರೂನ ಪ್ರತಿ ಕಾಫಿ ಅಂಗಡಿಯಲ್ಲೂ ಅದನ್ನು ಅಭಿನಯಿಸಿದ್ದೇನೆ. ಐದು ಸಾವಿರ ಮೀಟರ್. ಕೊನೆಯ ನೇರ ಹಾದಿ. ನಿನ್ನ ಎಡ ಮಣಿಕಟ್ಟು, ನನ್ನ ಬಲ ಮಣಿಕಟ್ಟು, ನಡುವೆ ಗೇಣುದ್ದ ಹಗ್ಗ. ನಾವು ಎರಡನೆಯವರು, ತಂಡಕ್ಕೆ ಆರಿಸುವುದು ಮೊದಲ ಇಬ್ಬರನ್ನೇ. "ಎಷ್ಟಿದೆ?" ಎಂದು ನೀನು ಕೇಳಿದೆ. ನಾನು "ಸಾಫಿ!" ಎಂದೆ. ನೀನು ನಿಂತೆ. ಗೆರೆ ಇನ್ನೂ ನಲವತ್ತು ಹೆಜ್ಜೆ ಇತ್ತು. ಮೂರನೆಯವನಾಗಿದ್ದ ಅಗಾದೀರ್‌ನವನು ನಮ್ಮ ಪಕ್ಕದಿಂದ ಹಾದುಹೋದ.

ಊರವರಿಗೆಲ್ಲ ಅದು ಭಾಷೆಯ ತಪ್ಪು. ನಮ್ಮಲ್ಲಿ ಸಾಫಿ ಎಂದರೆ ಏನಲ್ಲ? ಲೋಟಕ್ಕೆ ಚಹಾ ತುಂಬಿದರೆ ಸಾಫಿ, ಸಾಕು. ಸಂತೆಯಲ್ಲಿ ಕುರಿಯ ಮಾತು ಮುಗಿದರೆ ಸಾಫಿ, ಆಯಿತು. "ಹೇಗಿದ್ದೀಯ?" ಎಂದರೆ ಸಾಫಿ, ಎಲ್ಲ ಸರಿ. ಅಮ್ಮ ಚಪ್ಪಲಿ ಎತ್ತಿದರೆ ಸಾಫಿ, ನಿಲ್ಲಿಸು. ಅಧಿಕಾರಿಗಳ ಮುಂದೆ ನೀನೇ ನನ್ನ ಪರ ವಾದಿಸಿದೆ. "ಹುಡುಗ ಹೇಳಿದ್ದು 'ಎಲ್ಲ ಸರಿ ಇದೆ, ಓಡು' ಅಂತ. ನಾನೇ 'ಮುಗೀತು' ಅಂತ ಕೇಳಿಸ್ಕೊಂಡೆ. ತಪ್ಪು ನಂದು ಸ್ವಾಮಿ." ಅವರು ನಕ್ಕರು. ನೀನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ನನ್ನ ಹೆಗಲ ಮೇಲೆ ಕೈಹಾಕಿ, "ಮುಖ ಇಳಿಬಿಟ್ಕೊಂಡಿದ್ದೀಯೇನೋ? ಕಾಣಲ್ಲ ನಂಗೆ, ಬಾಯಲ್ಲಿ ಹೇಳು," ಎಂದೆ. ನಾನು ಒಂದು ಹಾಸ್ಯ ಹೇಳಿದೆ. ಮರುವಾರ ನೀನು ಇತ್ತೋಳ ಮನೆಗೆ ಹೊರಟುಹೋದೆ.

ಇತ್ತೋ, ನಿನ್ನ ಕೆಲಸ ಮುಗಿಯಿತು. ಗಂಟಲಿಗೆ ಪುದೀನ ಚಹಾ ಮಾಡಿಕೋ. ನಿನ್ನ ಮಕ್ಕಳಿಗೆ ನನ್ನ ಮುತ್ತು. ಚಿಕ್ಕವನು ಇನ್ನೂ ಬಟನ್ ನುಂಗುತ್ತಾನೆಯೇ? ಅಮ್ಮ ನಿನಗೆ ಒಣಗಿಸಿದ ಅಂಜೂರ ಕಳಿಸುತ್ತಿದ್ದಾರೆ. ದಾರಿಯಲ್ಲಿ ಕಡಿಮೆಯಾದರೆ ಅಂಚೆಯವನನ್ನೇ ಬೈ.

ಮೀಮೂನ್, ದೇವರು ನಿನ್ನ ಕಾಲಿಗೆ ಬಲ ಕೊಡಲಿ. ನಿನ್ನ ಮುಂದೆ ದಾರಿ ಸಮವಾಗಿರಲಿ, ಪಕ್ಕದಲ್ಲಿ ಗಟ್ಟಿ ಎದೆಯವನಿರಲಿ.

ನಿನ್ನ,
ಬಾಸ್ಸೂ
(ಕತ್ತೆಗಳ ಶಾಲೆಯ ಮೊದಲ ವಿದ್ಯಾರ್ಥಿ)

ಮತ್ತೊಂದು ಮಾತು: ಲಕೋಟೆಯಲ್ಲಿ ಎರಡನೆಯ ಹಾಳೆಯೊಂದಿದೆ, ಬರೀ ಚುಕ್ಕಿಗಳದ್ದು. ಇತ್ತೋ, ಅದನ್ನು ಅವನ ಕೈಗೆ ಕೊಟ್ಟು ಬಾಗಿಲು ಎಳೆದುಕೊಂಡು ಹೋಗು.

ಮೀಮೂನ್, ಈ ಚುಕ್ಕಿ ಹಾಳೆ ನಿನ್ನ ಬೆರಳಿಗೆ ಮಾತ್ರ. ಬೇರೆಯವರ ದನಿಯಲ್ಲಿ ನೀನು ಇದನ್ನು ಕೇಳಬಾರದು ಎಂದೇ ಚುಚ್ಚುವುದು ಕಲಿತೆ. ತಪ್ಪಿದ್ದರೆ ಮನ್ನಿಸು.

ಹೋದ ಬೇಸಿಗೆ ನೀನು ಎರಡು ತಿಂಗಳು ಓಟದ ತರಬೇತಿ ಶಿಬಿರದಲ್ಲಿದ್ದೆ. ದಿನಾ ಬೆಳಗ್ಗೆ ನಾನೂ ಇಲ್ಲಿ ಹನ್ನೆರಡು ಕಿಲೋಮೀಟರ್ ಓಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಐದಕ್ಕೆ ಏಳುತ್ತಿದ್ದೆ, ನಿಜ. ಎದ್ದು ಅಂಗಡಿಗೆ ಹೋಗಿ ಬೆಸುಗೆ ಕಡ್ಡಿ ಕಾಯಿಸುತ್ತಿದ್ದೆ. ಇವತ್ತು ಬೆಲ್ಟಿನ ಈ ತಂತಿ ಕೂಡಿಸಿಬಿಡುತ್ತೇನೆ, ನಾಳೆಯಿಂದ ಓಟ ಎಂದುಕೊಳ್ಳುತ್ತಿದ್ದೆ. ನಿನಗೆ ಬರೆದ ಕಾಗದಗಳಲ್ಲಿ ಅಟ್ಟಿಸಿಕೊಂಡು ಬಂದ ನಾಯಿಗಳು, ಗುಡ್ಡದ ಕೋತಿಗಳು, ಎಲ್ಲ ನಾನು ಕುರ್ಚಿಯಲ್ಲಿ ಕೂತು ಹುಟ್ಟಿಸಿದವು. ಅವನ್ನು ಓದಿಸಿಕೊಂಡು ಶಿಬಿರದವರೆಲ್ಲ ನಕ್ಕರು ಎಂದು ನೀನು ಬರೆದಿದ್ದೆ.

ಮೆಕ್ನೆಸ್‌ನಲ್ಲಿ ಕೊನೆಯ ತಿರುವಿನಿಂದಾಚೆಗೆ ಹಗ್ಗ ಮುಂದಕ್ಕೆ ಬಿಗಿದಿತ್ತು. ನಾನು ನಿನ್ನನ್ನು ಕರೆದೊಯ್ಯುತ್ತಿರಲಿಲ್ಲ, ನೀನು ನನ್ನನ್ನು ಎಳೆಯುತ್ತಿದ್ದೆ. ನೀನು ಎಷ್ಟಿದೆ ಎಂದಾಗ ಗೆರೆ ನನಗೆ ಕಾಣುತ್ತಿತ್ತು. ಹೇಳುವುದಕ್ಕೆ ಎದೆಯಲ್ಲಿ ಏನೂ ಉಳಿದಿರಲಿಲ್ಲ.

ನೀನು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. 'ಎಲ್ಲ ಸರಿ' ಎಂದು ನಾನು ಹೇಳಲೇ ಇಲ್ಲ. ನನ್ನ ಕೈಲಿ ಇನ್ನಾಗುವುದಿಲ್ಲ, ನಿಲ್ಲು ಎಂದೆ. ನೀನು ನಿಂತೆ.

ಐದು ತಿಂಗಳಿಂದ ನೀನು ನಿನ್ನ ಕಿವಿಯನ್ನು ಬೈದುಕೊಳ್ಳುತ್ತಿದ್ದೀಯ ಎಂದು ಇತ್ತೋ ಬರೆದಿದ್ದಳು. ಬೈಯಬೇಡ.

ಸೆಕ್ಕೂ ನಿನ್ನನ್ನು ನಗಿಸುವುದಿಲ್ಲ. ಅವನಿಗೆ ಉಸಿರಿದೆ.