ಅಕ್ಕನ ಹೆಸರಿನ ಅಂಗಡಿ

ಮಾರ್ಚ್ 3, ಬೆಳಿಗ್ಗೆ 10

ಏಳು ಪಾರ್ಸೆಲ್ ಕಟ್ಟಿದ್ದಾಯ್ತು. ಟೇಪ್ ಮುಗೀತು. ಹಸಿರು ಉಲ್ಲನ್ನೂ ತಳ ಕಂಡಿದೆ.

ಗಿರಾಕಿಗಳ ಮೆಸೇಜಿಗೆ ಉತ್ತರ ಬರೆದೆ, ಅಕ್ಕನ ಧಾಟಿಯಲ್ಲೇ. "ನಿಮ್ಮ ಪುಟಾಣಿಗೆ ಒಂದು ಮುತ್ತು." ನನಗೆ ಮುತ್ತು ಗಿತ್ತು ಬರೆದು ಅಭ್ಯಾಸವೇ ಇರಲಿಲ್ಲ. ಅವಳು ಹೋಗಿ ಹತ್ತು ತಿಂಗಳು. ಈಗ ಯೋಚಿಸದೇ ಬರುತ್ತೆ.

ಟೋಪಿ ಹೆಣೆಯೋಳು ನಾನು. ಆನ್‌ಲೈನ್ ಅಂಗಡಿ ಅವಳ ಹೆಸರಲ್ಲಿ. ಹನ್ನೊಂದು ವರ್ಷದ್ದು, ಎರಡು ಸಾವಿರ ಜನ ಐದು ಸ್ಟಾರ್ ಕೊಟ್ಟಿದ್ದಾರೆ. ನನ್ನ ಹೆಸರಲ್ಲಿ ಹೊಸದು ತೆಗೆದರೆ ಸೊನ್ನೆಯಿಂದ ಶುರು. ಸ್ಟಾರಿಲ್ಲದ ಅಂಗಡಿಗೆ ನೊಣವೂ ಬರಲ್ಲ. ಅದಕ್ಕೇ ಅವಳು ತೀರಿಕೊಂಡಿದ್ದು ಯಾರಿಗೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ...

ಮಾರ್ಚ್ 4

ಅಂಗಡಿ ನಡೆಯೋ ವೆಬ್‌ಸೈಟಿನವರ ಪತ್ರ. ಮುಂದಿನ ತಿಂಗಳಿಂದ ಅವರು ಹಿಡಿಯೋ ಫೀಸಿನ ಮೇಲೆಲ್ಲ ಮಾರಾಟ ತೆರಿಗೆ. ಕಮಿಷನ್ ಮೇಲೆ, ಫೋಟೋ ಹಾಕಿದ್ದಕ್ಕೆ, ಜಾಹೀರಾತಿಗೆ. ಟೋಪಿಗೆ ನಾನೂರು. ಅವರ ಪಾಲು ಅರವತ್ತು. ಈಗ ಆ ಅರವತ್ತರ ಮೇಲೆ ಇನ್ನೂ ಹನ್ನೊಂದು. ಉಲ್ಲನ್ನು, ಅಂಚೆ ಕಳೆದು ನಮಗೆ ಉಳಿಯೋದೇ ತೊಂಬತ್ತು! ಬೆಲೆ ಏರಿಸಿದರೆ ಜನ ಮಿಷನ್ ಟೋಪಿಗೆ ಹೋಗ್ತಾರೆ.

ಮನೆಯಲ್ಲಿ ಈಗ ನಾನು, ಅಕ್ಕನ ಗಂಡ ಇಬ್ಬರೇ. ಭಾವ ಕನ್ನಡಕ ಏರಿಸಿ ಓದಿದರು. "ಕೊಟ್ಟ ಬಾಡಿಗೆಗೂ ಸುಂಕವಾ?"

ಕೊನೆಯಲ್ಲಿ ಸಣ್ಣಕ್ಷರ. ತೆರಿಗೆ ನಂಬರ್ ಇದ್ದವರಿಗೆ ಈ ದುಡ್ಡು ವಾಪಸ್ ಬರುತ್ತಂತೆ. ನಂಬರ್ ಇರಲಿ ಬಿಡಲಿ, ಅಂಗಡಿ ಯಾರ ಹೆಸರಲ್ಲಿದೆಯೋ ಅವರು ಮೂವತ್ತೊಂದರೊಳಗೆ ಫಾರಂಗೆ ಸಹಿ ಹಾಕಿ ಕಳಿಸಬೇಕು.

ಆ ಸಾಲು ಇಬ್ಬರೂ ಓದಿದ್ವಿ. ಇಬ್ಬರೂ ಓದದವರ ಥರ ಎದ್ದು ಹೋದ್ವಿ.

ಮಾರ್ಚ್ 7

ಆಡಿಟರ್ ಆಫೀಸು. ಕಡಿದಾದ ಮೆಟ್ಟಿಲು, ಫೈಲುಗಳ ಧೂಳು.

"ನಂಬರ್ ಮಾಡಿಸೋಣ ಮೇಡಂ, ನಾಲ್ಕು ದಿನದ ಕೆಲಸ. ಅಂಗಡಿ ಯಾರ ಹೆಸರಲ್ಲಿದೆ?"

"ಅಕ್ಕನ ಹೆಸರಲ್ಲಿ."

"ಸರಿ, ಅವರನ್ನ ಒಂದ್ಸಲ ಕರ್ಕೊಂಡು ಬನ್ನಿ."

"ಆಯ್ತು" ಅಂದೆ.

ಅರ್ಧ ಮೆಟ್ಟಿಲಿಳಿದು ನಿಂತೆ. ಆಯ್ತು ಅಂದೆನಲ್ಲ. ಒಂದು ಕ್ಷಣ ನಿಜವಾಗಿ ಲೆಕ್ಕ ಹಾಕಿದ್ದೆ— ಮಂಗಳವಾರ ಅವಳಿಗೆ ಪುರುಸೊತ್ತಿರುತ್ತಾ ಅಂತ.

ಮಾರ್ಚ್ 12, ಮಧ್ಯಾಹ್ನ

ಹಳೇ ಚೆಕ್ ನೋಡಿ ಅವಳ ಸಹಿ ಹಾಕಿ ನೋಡಿದೆ. ಮೂರನೇ ಸಲಕ್ಕೇ ಕೂತುಬಿಡ್ತು. ಆಮೇಲೆ ನನ್ನ ಸಹಿ ಹಾಕಿದೆ. ಅದೂ ಅವಳದರ ಥರ ಬಾಲ ಎಳೆದುಕೊಂಡಿತ್ತು. ಇನ್ನೊಂದು ಹಾಕಿದೆ. ಅದಕ್ಕೂ ಬಾಲ. ಹಾಳೆ ಹರಿದು ಚೂರು ಚೂರು ಮಾಡಿದೆ.

ಹೊರಗೆ ಬಂದರೆ ಭಾವ ಕಂಪ್ಯೂಟರ್ ಮುಂದೆ. ಪರದೆ ತುಂಬ ಅಂಗಡಿ ಪುಟದಲ್ಲಿರೋ ಅಕ್ಕನ ಫೋಟೋ, ಪಕ್ಕದಲ್ಲಿ ಹಸಿರು ಚುಕ್ಕೆ. 'ಈಗ ಇದ್ದಾರೆ.'

"ದಿನಾ ನೋಡ್ತೀರಾ?"

"ನೀನು ಒಳಗೆ ಹೋದಾಗ."

ಬಯ್ಯೋಣ ಅಂತ ಬಾಯಿ ತೆರೆದೆ. ಯಾವ ಬಾಯಲ್ಲಿ ಬಯ್ಯಲಿ? ದಿನಾ ಅವಳ ಹೆಸರಲ್ಲಿ ಲಾಗಿನ್ ಆಗಿ ಆ ಚುಕ್ಕೆ ಹಚ್ಚಿಟ್ಟವಳೇ ನಾನು.

ಮಾರ್ಚ್ 18

ನರ್ಸ್ ಮೆಸೇಜು. ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನವಳು. ಆರು ವರ್ಷದಿಂದ ತಿಂಗಳಿಗೆ ಇಪ್ಪತ್ತು ಟೋಪಿ, ಕಿತ್ತಳೆ ಹಣ್ಣಿನಷ್ಟು ತಲೆಗಳಿಗೆ. ಅಕ್ಕನನ್ನ ಯಾವತ್ತೂ ಕಂಡಿಲ್ಲ. ಎಲ್ಲಾ ಮೆಸೇಜಲ್ಲೇ.

"ಅಕ್ಕಾ, ಶನಿವಾರ ನಿಮ್ಮ ಕಡೆ ಬರ್ತಿದ್ದೀನಿ. ಪಾರ್ಸೆಲ್ ಮೇಲೆ ಅಡ್ರೆಸ್ ಇದೆ. ಐದು ನಿಮಿಷ, ಮುಖ ನೋಡ್ಕೊಂಡು ಹೋಗ್ತೀನಿ."

'ನಾನು ಊರಲ್ಲಿರಲ್ಲ' ಅಂತ ಬರೆದೆ. ಅಳಿಸಿದೆ. ಅಕ್ಕನ ಮಟ್ಟಿಗೆ ಅದು ಸುಳ್ಳೂ ಅಲ್ಲವಲ್ಲ.

ಮಾರ್ಚ್ 22, ಶನಿವಾರ, ಸಂಜೆ 5

ಬಂದು ಹೋದಳು.

ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲು ತೆಗೆದಿದ್ದು ಭಾವ. "ಅಕ್ಕ ಇದ್ದಾರಾ?" ಅಂತ ಅವಳ ದನಿ. ಆಮೇಲೆ ಭಾವ, ಏನೂ ಆಗದವರ ಥರ—

"ಇದ್ದಾಳೆ. ಒಳಗೆ ಮಲಗಿದ್ದಾಳೆ. ಕೂತ್ಕೊಳ್ಳಿ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹೊರಗೆ ಬಂದೆ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಹಣ್ಣಿನ ಚೀಲ. "ಎಬ್ಬಿಸಬೇಡಿ, ಕಾಯ್ತೀನಿ" ಅಂದಳು. ಭಾವ ಕೋಣೆಯ ಕಡೆ ನೋಡ್ತಾ ಕೂತಿದ್ದರು. ನಟನೆ ಅಲ್ಲ. ಅವರೂ ಕಾಯ್ತಾ ಇದ್ದರು! ಆ ಮುಖ ನೋಡಿದ ಮೇಲೆ ತಡೆಯೋಕಾಗಲಿಲ್ಲ.

"ಅಕ್ಕ ಇಲ್ಲ. ತೀರಿಕೊಂಡು ಹತ್ತು ತಿಂಗಳಾಯ್ತು. ನಾನು ತಂಗಿ. ಟೋಪಿ ಕಳಿಸ್ತಿರೋದು ನಾನೇ."

ಭಾವ ತಲೆ ತಗ್ಗಿಸಿದರು.

ಅವಳು ನನ್ನನ್ನ ದಿಟ್ಟಿಸಿದಳು. "ಜನವರೀಲಿ ನಮ್ಮಮ್ಮ ಹೋದಾಗ... ಎರಡು ವಾರ, ದಿನಾ ಸಮಾಧಾನ ಹೇಳಿದ್ದು ಯಾರು?"

"ನಾನು."

"ನಾನು ಅಕ್ಕ ಅಂದುಕೊಂಡು ಹೇಳಿಕೊಂಡೆ. ಯಾರಿಗೂ ಹೇಳದಿದ್ದನ್ನೆಲ್ಲ."

ಚೀಲ ನೆಲದ ಮೇಲಿಟ್ಟು ಎದ್ದಳು. ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ಳೋಕೆ ತಡಕಾಡಿದಳು. ತಿರುಗಿ ನೋಡಲಿಲ್ಲ.

ಮಾರ್ಚ್ 25

ಒಂದು ಸಾಲೂ ಹೆಣೆಯಲಿಲ್ಲ. ನರ್ಸಿಗೆ ಕ್ಷಮೆ ಕೇಳಿ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಓದಿದ ಗುರುತು ಬಂತು. ಉತ್ತರ ಇಲ್ಲ.

ಮಾರ್ಚ್ 30, ಭಾನುವಾರ, ಮಧ್ಯಾಹ್ನ 3

ಭಾವ ಊಟ ಮಾಡಿ ಕೈ ತೊಳೆದುಕೊಂಡು ಬಂದು ಹೇಳಿದರು, "ಮುಚ್ಚಿಬಿಡೋಣ. ನಾಳೆ ಕೊನೇ ದಿನ. ನೀನು ಸುಳ್ಳು ಸಹಿ ಹಾಕಬೇಡ."

"ಹೊಟ್ಟೆಪಾಡು?"

"ನಿನ್ನ ಹೆಸರಲ್ಲಿ ತೆಗಿ. ಸೊನ್ನೆ ಸ್ಟಾರಿದ್ರೆ ಇರಲಿ. ಆ ಹನ್ನೊಂದು ರೂಪಾಯಿ ತೆರಿಗೇನ ನಿನ್ನ ಹೆಸರಲ್ಲೇ ಕಟ್ಟು. ಕಡೇಪಕ್ಷ ಬದುಕಿರೋರು ಕಟ್ಟಿದ ಹಾಗಾಗುತ್ತೆ."

ಇಬ್ಬರೂ ಕಂಪ್ಯೂಟರ್ ಮುಂದೆ ಕೂತಿದ್ದೀವಿ. 'ಅಂಗಡಿ ಮುಚ್ಚಿ' ಒತ್ತಿದೆ. ಖಾಲಿ ಜಾಗ ಬಂತು. 'ಕಾರಣ ತಿಳಿಸಿ.' ನನ್ನ ಬೆರಳು ಏಳಲಿಲ್ಲ. ಭಾವ ಕೀಬೋರ್ಡನ್ನ ತಮ್ಮ ಕಡೆ ಎಳೆದುಕೊಂಡರು. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಾ ಇದ್ದಾರೆ. ನಾನು ಪಕ್ಕದಲ್ಲಿ ಕೂತು ಇದನ್ನ ಗೀಚ್ತಾ ಇದ್ದೀನಿ, ಪರದೆ ನೋಡದೇ ಇರೋಕೆ. ನೋಡಿಬಿಟ್ಟೆ. 'ನನ್ನ ಹೆಂಡತಿ' ಅಂತ ಆಗಿದೆ. ಬೆರಳು ನಿಂತಿದೆ. "ಮುಂದಿನದು ನೀನು ಬರಿ" ಅಂತಾರೆ. ನಾನು ಪೆನ್ನು ಕೆಳಗಿಡ್ತಾ ಇದ್ದೀನಿ.