ಅಜ್ಜಿಯ ಸಾಲು, ಸೊಸೆಯ ಸಾಲು

ಮಾನ್ಯ ಗ್ರಂಥಾಲಯ ಅಧಿಕಾರಿಗಳೇ,

ಈಗ ಸಂಜೆ ಆರು ಗಂಟೆ. ಇಂದು ಮಧ್ಯಾಹ್ನ ನಿಮ್ಮ ಇಬ್ಬರು ನೌಕರರು ನಮ್ಮ ಬೀದಿಯ ವಾಚನಾಲಯಕ್ಕೆ ಬಂದು, ಮಾಯಾಕಥೆಗಳ ಕಪಾಟನ್ನು ಅಳೆದು, ಖಾಲಿ ಗೋಣಿಚೀಲಗಳನ್ನು ಇಟ್ಟು ಹೋದರು. ‘ವಾಸ್ತವಕ್ಕೆ ಸಂಬಂಧಿಸದ ಸಾಹಿತ್ಯ’ವನ್ನು ಕೇಂದ್ರ ಉಗ್ರಾಣಕ್ಕೆ ಸಾಗಿಸಿ, ಆ ಜಾಗದಲ್ಲಿ ಪರೀಕ್ಷಾ ಕೈಪಿಡಿಗಳನ್ನು ಇಡಬೇಕೆಂಬುದು ನಿಮ್ಮ ಆದೇಶ. ಅದೇ ಆದೇಶದಲ್ಲಿ ನಮ್ಮ ವಾಚನಾಲಯವನ್ನು ‘ಸುಸಜ್ಜಿತ’ ಎಂದು ಕರೆದಿದ್ದೀರಿ. ಇಲ್ಲಿರುವುದು ಒಂದೇ ಫ್ಯಾನು, ಅದೂ ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುತ್ತದೆ. ಹಾಗಾದರೆ ನಿಮ್ಮ ಆದೇಶವನ್ನು ಯಾವ ಕಪಾಟಿನಲ್ಲಿ ಇಡಬೇಕು?

ನಾನು ಬಡಗಿ. ಹೆಚ್ಚು ಓದಿದವನಲ್ಲ. ಆ ಕಪಾಟು ಮಾಡಿದ್ದು ನಾನು. ತುಂಬಿದ್ದು ವಾಚನಾಲಯ ನೋಡಿಕೊಳ್ಳುತ್ತಿದ್ದ ನನ್ನ ಹೆಂಡತಿ. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಪುಸ್ತಕಗಳನ್ನು ಅವಳು ಸಂಖ್ಯೆಯ ಪ್ರಕಾರ ಇಡಲಿಲ್ಲ, ವಂಶದ ಪ್ರಕಾರ ಇಟ್ಟಳು. ಎಲ್ಲಕ್ಕಿಂತ ಮೇಲೆ ಅಜ್ಜಿಯ ಸಾಲು: ಕಟ್ಟಿದವರ ಹೆಸರಿಲ್ಲದ, ಬಾಯಿಂದ ಬಾಯಿಗೆ ಬಂದ ಕಥೆಗಳು. ಕತ್ತಲಲ್ಲಿ ಮಗು ಬಾವಿಯ ಕಡೆ ಹೋಗದಿರಲೆಂದು ಯಾರೋ ಒಬ್ಬ ತಾಯಿ ಅಲ್ಲೊಂದು ಭೂತವನ್ನು ಕೂರಿಸಿದಳು, ಮಾಯಾಕಥೆ ಹುಟ್ಟಿದ್ದೇ ಹಾಗೆ ಎನ್ನುವುದು ನನ್ನವಳ ವಾದ. ಅದರ ಕೆಳಗೆ ಮಗಳ ಸಾಲು: ಅದೇ ಭೂತಕ್ಕೆ ಕಿರೀಟ ಇಟ್ಟು, ಕುದುರೆಗೆ ರೆಕ್ಕೆ ಕಟ್ಟಿ, ಆಸ್ಥಾನಗಳಲ್ಲಿ ಹಾಡಿದವರ ಕಾವ್ಯಗಳು. ಮೂರನೆಯದು ಸೊಸೆಯ ಸಾಲು: ಬೇರೆ ಭಾಷೆಗಳಿಂದ ನಮ್ಮ ಮನೆ ತುಂಬಿದವು. ಕೊನೆಯದು ಮೊಮ್ಮಕ್ಕಳದು: ಇಲ್ಲದ ದೇಶಕ್ಕೆ ನದಿ, ಬೆಟ್ಟ, ನಕ್ಷೆ, ಕೊನೆಗೆ ಸುಂಕದ ಕಟ್ಟೆಯನ್ನೂ ಕಟ್ಟಿಕೊಡುವ ಈಗಿನವರು. ಎಷ್ಟು ದೂರ ಹೋಗಿ ಹುಟ್ಟಿದರೂ ಮೂಗು ಮಾತ್ರ ಅಜ್ಜಿಯದೇ ಎನ್ನುತ್ತಿದ್ದಳು.

ಮೊಮ್ಮಗನನ್ನು ಕೇಳಿಕೊಂಡು ಬಂದವರು ಮೊದಲು ಒಬ್ಬ ಅಜ್ಜಿಯನ್ನು ಮನೆಗೆ ಕರೆದೊಯ್ದು ಓದಿ ತರಬೇಕು, ಇದು ಅವಳ ಕಾನೂನು. ಓದುಗರು ಗೊಣಗಿದರು, ಆಮೇಲೆ ಅದೇ ರೂಢಿಯಾಯಿತು. ಹಿಂದೊಮ್ಮೆ ತಪಾಸಣೆಗೆ ಬಂದ ನಿಮ್ಮ ಕಚೇರಿಯವರು ಸಂಖ್ಯೆ ಹೇಳಿ ಒಂದು ಪುಸ್ತಕ ಕೇಳಿದಾಗ, ಮೂಲೆಯಲ್ಲಿ ಓದುತ್ತಿದ್ದ ಟೈಲರ್ ತಲೆ ಎತ್ತದೆಯೇ, “ಅವಳು ಸೊಸೆ ಸಾರ್, ಈಗ ನಮ್ಮನೇಲಿದಾಳೆ” ಅಂದುಬಿಟ್ಟ. ನಿಮ್ಮವರು ನಗಲಿಲ್ಲ. ವರದಿಯಲ್ಲಿ ‘ಅಶಿಸ್ತು’ ಎಂದು ಬರೆದರು.

ವಾಸ್ತವದ ಬಗ್ಗೆ ನನಗೂ ತುಸು ಗೊತ್ತು. ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕಲಿತದ್ದು. ಒಂದು ಮಧ್ಯಾಹ್ನ ರಕ್ತಪರೀಕ್ಷೆಯಲ್ಲಿ ಏನು ಬಂದಿದೆಯೆಂದು ತಡವರಿಸುತ್ತಾ ಹೇಳಹೊರಟೆ.

“ನಿಜ ಹೇಳೋಕೆ ಡಾಕ್ಟ್ರಿದಾರೆ, ಬಿಡಿ. ರೀ, ಆ ರಾಕ್ಷಸನ ಪ್ರಾಣ ಎಲ್ಲಿತ್ತು? ಅದು ಹೇಳಿ” ಅಂದಳು.

ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಗಿಳಿಯೊಳಗೆ ಎಂದೆ. ಸದ್ಯ, ಅಷ್ಟು ಸುಲಭಕ್ಕೆ ಯಾರ ಕೈಗೂ ಸಿಗೋದಿಲ್ಲ ಎಂದು ಮಗ್ಗುಲಾಗಿ ನಿದ್ದೆಹೋದಳು. ನಿಮ್ಮ ಕೈಪಿಡಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಇದೆಯೇ? ಇದ್ದರೆ ಅದಕ್ಕೆಷ್ಟು ಅಂಕ?

ಈ ಜೋಡಣೆಯನ್ನು ಅವಳು ಎಲ್ಲೂ ಬರೆದಿಟ್ಟಿಲ್ಲ. ಯಾವುದು ಯಾವುದರ ಮಗಳು ಎಂಬುದು ಅವಳ ತಲೆಯಲ್ಲಿತ್ತು. ಈಗ ಕಪಾಟಿನಲ್ಲಿ ಮಾತ್ರ ಉಳಿದಿದೆ. ಒಮ್ಮೆ ಕಲಸಿದರೆ ಮತ್ತೆ ಜೋಡಿಸುವುದು ನನ್ನಿಂದಾಗದು. ಆದ್ದರಿಂದ ನಾಳೆ ಸಾಲು ಕೆಡಿಸದೆ ತುಂಬಿ ಎಂದು ನಿಮ್ಮ ನೌಕರರನ್ನು ಬೇಡಿಕೊಂಡೆ. ದಪ್ಪದ್ದು ತಳಕ್ಕೆ, ತೆಳ್ಳಗಿನದು ಮೇಲಕ್ಕೆ, ಅವರಿಗೆ ಗೊತ್ತಿರುವ ಕ್ರಮ ಅದೊಂದೇ. ಅವರಲ್ಲಿ ಹಿರಿಯ ಮರುಕದಿಂದಲೇ ಕೇಳಿದ: “ಯಜಮಾನ್ರೇ, ಮೂಟೆ ಕಟ್ಟಿದ ಮೇಲೆ ಅಜ್ಜಿ ಯಾರು, ಮೊಮ್ಮಗ ಯಾರು?”

ಅವರು ಹೋದ ಮೇಲೆ ನಾನು ಸೀಮೆಸುಣ್ಣ ಹುಡುಕಿದೆ.

ಆದೇಶವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲೆಂದೇ ಈ ಪತ್ರ ಶುರುಮಾಡಿದೆ. ಬರೆಯುತ್ತಾ ಆ ಧೈರ್ಯ ಕರಗಿತು. ಹಿಂದಿನ ಅರ್ಜಿಗಳಿಗೇ ನಿಮ್ಮಿಂದ ಉತ್ತರ ಬಂದಿಲ್ಲ. ನಿಮ್ಮ ಕಚೇರಿ ಈಗ ಮುಚ್ಚಿರುವುದರಿಂದ ಇದನ್ನು ವಾಚನಾಲಯದ ಬಾಗಿಲಿಗೇ ಅಂಟಿಸುತ್ತಿದ್ದೇನೆ. ಇಷ್ಟಾದರೂ ಮಾಡಿ: ಒಂದು ಸಾಲಿನವರನ್ನು ಇನ್ನೊಂದು ಸಾಲಿನ ಮೂಟೆಗೆ ತುರುಕಿಸಬೇಡಿ. ಗೋಣಿಚೀಲಗಳ ಮೇಲೆ ಸೀಮೆಸುಣ್ಣದಲ್ಲಿ ಅಜ್ಜಿ, ಮಗಳು, ಸೊಸೆ, ಮೊಮ್ಮಕ್ಕಳು ಎಂದು ಬರೆದಿಟ್ಟಿದ್ದೇನೆ. ಅದನ್ನು ಯಾರೂ ಒರೆಸದಂತೆ ಉಗ್ರಾಣದವರಿಗೆ ಒಂದು ಮಾತು ಹೇಳಿ.

ನಾಳೆ ಹತ್ತು ಗಂಟೆಗೆ ಲಾರಿ ಬರುತ್ತದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಬಾಗಿಲು ತೆರೆಯಬೇಕಾದವನು ನಾನೇ.

ಇಂತಿ,
ನಿಮ್ಮ ಕಡತದಲ್ಲಿ ‘ದಿವಂಗತ ಮೇಲ್ವಿಚಾರಕಿಯ ಪತಿ’ ಎಂದಷ್ಟೇ ಇರುವವನು