ಎಂಟು ಸಾವಿರ ಸುತ್ತು

ಮಾರ್ಚ್ ೩, ಮಂಗಳವಾರ. ಬೆಳಗ್ಗೆ ೬.೪೦

ಇವತ್ತೂ ಅದೇ. ಗಿಟಾರಿನ ಸ್ವಿಚ್ಚನ್ನು ಕತ್ತಿನ ಕಡೆಯ ಪಿಕಪ್‌ಗೆ ತಳ್ಳಿದರೆ ಮೌನವ್ರತ. ಕೆಳಗಿನದಕ್ಕೆ ತಳ್ಳಿದರೆ ತಗಡಿನ ಡಬ್ಬ. ತಂತಿ ಅಲುಗಿದ್ದನ್ನು ಆಂಪ್ಲಿಫೈಯರಿಗೆ ಹೋಗಿ ಚಾಡಿ ಹೇಳುವುದೊಂದೇ ಪಿಕಪ್ಪಿನ ಕೆಲಸ. ಅದಕ್ಕೂ ಬಾಯಿ ಬಿದ್ದುಹೋದರೆ?

೨೮ಕ್ಕೆ ಗಿಟಾರ್ ರಿಪೇರಿಯವರ ಅಂಗಡಿಯಲ್ಲಿ ನುಡಿಸುತ್ತೇನೆಂದು ಒಪ್ಪಿಕೊಂಡಾಗಿದೆ. ಬ್ಲೂಸ್ ಅನ್ನುವ ಅಳುಹಾಡು, ನಿಧಾನದ್ದು, ಒಂದೇ ಒಂದು. ನಲವತ್ತಾರನೇ ವಯಸ್ಸಿಗೆ ಮೊದಲ ಸಲ ನಾಲ್ಕು ಜನರ ಮುಂದೆ. ಬೇಕಾದ ನಾದ ಕಿವಿಯಲ್ಲಿದೆ — ಚೆನ್ನಾಗಿ ಅತ್ತು ಮುಗಿಸಿದವರು ನೀರು ಕುಡಿದು ಮಾತು ಶುರು ಮಾಡಿದ ಹಾಗೆ. ಕೈಯಲ್ಲಿಲ್ಲ.

ಬೇಕೆಂದದ್ದು ಬ್ಲೂಸು, ಹಾರಿದ್ದು ಫ್ಯೂಸು.

ಪ್ರಾಸ ಬಂತು. ಶಬ್ದ ಬರಲಿಲ್ಲ.

ಮಾರ್ಚ್ ೫, ಗುರುವಾರ

ಪ್ರೆಸ್ಸಿನಲ್ಲಿ ಬೆಳಗಿಂದ ಕೆಮ್ಮಿನ ಸಿರಪ್ಪಿನ ಚೀಟಿಯ ಪ್ರೂಫ್ ತಿದ್ದಿದ್ದು. "ತಲೆಸುತ್ತು, ಒಣಬಾಯಿ, ಮಂಕು." ಪಿಕಪ್ ಜಾಹೀರಾತು ಓದಿದರೂ ಇವೇ ಬರುತ್ತವೆ. ಒಂದು "ಹಾಟ್". ಒಂದು "ವಿಂಟೇಜ್", ಹಳೇ ಕಾಲದ ಮೆತ್ತನೆ ನಾದದ್ದಂತೆ. ಇನ್ನೊಂದಕ್ಕೆ ಗುಂಯ್ ಅನ್ನುವ ಸದ್ದೇ ಇಲ್ಲವಂತೆ.

ಸಂಜೆ ರಿಪೇರಿಯವರನ್ನು ಕೇಳಿದೆ.

"ಹಾಟ್ ಬೇಡ ಸಾರ್, ಅದು ಕಿರುಚೋಕೆ. ಬ್ಲೂಸ್‌ಗೆ ಒಳಗಿನ ತಂತಿ ಸುತ್ತು ಕಮ್ಮಿ ಇರ್ಬೇಕು, ಮ್ಯಾಗ್ನೆಟ್ ಮೆತ್ತಗಿರ್ಬೇಕು. ಮೆಲ್ಲಗೆ ಮೀಟಿದ್ರೆ ಪಿಸುಗುಟ್ಬೇಕು, ಜೋರಾಗಿ ಮೀಟಿದ್ರೆ ಗದರ್ಬೇಕು."

"ಗುಂಯ್ ಇಲ್ಲದ್ದು?"

"ಗೊರಕೆ ಹೊಡೀದಿರೋ ಗಂಡನ ಥರ. ಚೆನ್ನಾಗೇ ಇರುತ್ತೆ. ಇದಾನೋ ಇಲ್ವೋ ಗೊತ್ತಾಗಲ್ಲ."

ಮಾರ್ಚ್ ೭, ಶನಿವಾರ

ಗಿಟಾರ್ ಬಿಚ್ಚಿ ಊಟದ ಮೇಜಿನ ಮೇಲೆ ಮಲಗಿಸಿದ್ದೆ. ಮಾವ ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದು ಬಂದರು. ಎದ್ದು ಬಂದದ್ದೇ ಸುದ್ದಿ. ನಲವತ್ತು ವರ್ಷ ಮೋಟಾರ್ ವೈಂಡಿಂಗ್ — ಫ್ಯಾನು, ಪಂಪು, ಲಿಫ್ಟು. ಹೋದ ವರ್ಷ ಕೈ ನಡುಗಲು ಶುರುವಾಯಿತು. ಅಂಗಡಿ ಮುಚ್ಚಿ ಮಗಳ ಜೊತೆ ಇರಲು ಬಂದರು. ಅಂದಿನಿಂದ ಒಂದು ಸ್ಕ್ರೂ ಮುಟ್ಟಿಲ್ಲ. ಟೀ ಲೋಟ ಎತ್ತುವುದೂ ನಾವು ಬೇರೆ ಕಡೆ ನೋಡುವಾಗ.

ಮೀಟರ್ ಇಟ್ಟು ನೋಡಿದರು. "ಕಾಯಿಲ್ ಓಪನ್. ಒಳಗೆ ತಂತಿ ಕಡಿದಿದೆ."

"ಹೊಸದು ತರಿಸ್ತೀನಿ ಮಾವ."

"ಯಾಕೆ? ಇದೂ ಕಾಯಿಲ್ ತಾನೇ? ಸುತ್ತಿದ್ರಾಯ್ತು."

ಹೇಳಿದ ಮೇಲೆ ತಮ್ಮ ಕೈ ನೋಡಿಕೊಂಡರು. ಮಾತು ಆಡಿ ಆಗಿತ್ತು. ಇವಳು ಅಡುಗೆಮನೆ ಬಾಗಿಲಿಂದ ಕಣ್ಣಲ್ಲೇ ಅಪ್ಪಣೆ ಕೊಟ್ಟಳು — ಹೂಂ ಅನ್ನು. ಹೂಂ ಅಂದೆ. ಮದುವೆಯಾದ ಮೇಲೆ ಇದರಲ್ಲಿ ಒಳ್ಳೇ ಅಭ್ಯಾಸ.

ಮಾರ್ಚ್ ೧೧, ಬುಧವಾರ

ಟ್ರಂಕಿನಿಂದ ಸುತ್ತುವ ಕೈಯಂತ್ರ ಹೊರಬಂದಿದೆ. ತಂತಿ ಕೂದಲಿಗಿಂತ ಸಣ್ಣ. ಎಂಟು ಸಾವಿರ ಸುತ್ತಬೇಕು. ನಾನು ಕೆಲಸದಿಂದ ಬರುವಷ್ಟರಲ್ಲಿ ನಾಲ್ಕು ಸಲ ಕಡಿದಿತ್ತು — ಮುನ್ನೂರಕ್ಕೆ, ಸಾವಿರದ ನೂರಕ್ಕೆ, ಇಪ್ಪತ್ತಕ್ಕೆ, ಮತ್ತೆ ಇಪ್ಪತ್ತಕ್ಕೆ.

"ಲಿಫ್ಟ್ ಮೋಟಾರ್ ಸುತ್ತಿದೋನ ಕೈಗೆ ಜೇಡರಬಲೆ ಕೊಟ್ಟಿದೀಯಲ್ಲಯ್ಯ!"

ನಗುತ್ತಲೇ ಅಂದರು. ಕೈ ಮಾತ್ರ ಮೇಜಿನ ಕೆಳಗೆ.

ಉಳಿದದ್ದು ಹದಿನೇಳು ದಿನ. ಬಚ್ಚಲಮನೆಯಲ್ಲಿ ನಿಂತು ಫೋನಿನಲ್ಲಿ ಒಂದು ರೆಡಿಮೇಡ್ ಆರ್ಡರ್ ಮಾಡಿದೆ. ವಿಂಟೇಜ್. ಯಾರಿಗೂ ಹೇಳಿಲ್ಲ. "ಮುಂಜಾಗ್ರತೆ" ಅಂತ ಬರೆದುಕೊಳ್ಳುತ್ತೇನೆ. ಬೇರೆಯವರ ಪ್ರೂಫ್ ಆಗಿದ್ದರೆ ಹೊಡೆದುಹಾಕಿ ಸರಿಯಾದ ಪದ ಬರೆಯುತ್ತಿದ್ದೆ.

ಮಾರ್ಚ್ ೧೪, ಶನಿವಾರ. ಮಧ್ಯಾಹ್ನ

ಮುಗೀತು! ಪೂರ್ತಿ ಎಂಟು ಸಾವಿರ. ಮೊಣಕೈ ಮೇಜಿಗೆ ಊರಿ, ನೂರು ನೂರಕ್ಕೆ ಉಸಿರು ಬಿಟ್ಟು. ಮೀಟರ್ ಮುಳ್ಳು ಅಲುಗಿದಾಗ ಮಾವ ಕನ್ನಡಕ ತೆಗೆದು ಒರೆಸಿದರು. ಅದು ಆಗಲೇ ಸ್ವಚ್ಛವಿತ್ತು. ಬೆಸುಗೆಗೆ ಸೋಲ್ಡರ್ ತರಲು ಹೊರಟೆ.

ಅದೇ ದಿನ, ೪.೧೫

ಬಂದರೆ ಮನೆಯೆಲ್ಲ ಬಣ್ಣದಂಗಡಿ ವಾಸನೆ. ಮೋಟಾರ್ ಕಾಯಿಲ್ ಸುತ್ತಿದ ಮೇಲೆ ವಾರ್ನಿಷ್‌ನಲ್ಲಿ ಮುಳುಗಿಸಿ ಬೇಯಿಸುವುದು ಶಾಸ್ತ್ರ. ಮಾವ ಶಾಸ್ತ್ರ ಬಿಡಲಿಲ್ಲ. ಇವಳ ಕೇಕ್ ಓವನ್, ನೂರಮೂವತ್ತು ಡಿಗ್ರಿ. ಪಿಕಪ್ಪಿನ ಬಾಬಿನ್, ಅಂದರೆ ತಂತಿ ಸುತ್ತುವ ಉರುಳೆ, ಪ್ಲಾಸ್ಟಿಕ್. ಒಣಗಿದ ಎಲೆಯ ಹಾಗೆ ಮುದುಡಿ ಕೂತಿತ್ತು.

"ನಲವತ್ತು ವರ್ಷ ಹೀಗೇ ಮಾಡಿದ್ದು," ಅಂದರು. ಓವನ್ ಬಾಗಿಲು ಮುಚ್ಚಿ ಮತ್ತೆ, "ಹೀಗೇ..."

ಇವಳು: "ಬಿಡಪ್ಪ, ಆ ಓವನ್‌ನಲ್ಲಿ ನನ್ನ ಕೇಕೂ ಇಷ್ಟೇ ಉಬ್ಬೋದು."

ನಕ್ಕರು. ಅರ್ಧ.

ರಿಪೇರಿಯವರು ಗುಜರಿ ಡಬ್ಬ ಕೆದಕಿ ಇನ್ನೊಂದು ಬಾಬಿನ್ ಕೊಟ್ಟರು. "ಇದಕ್ಕೆ ವಾರ್ನಿಷ್ ಅಲ್ಲ, ಕರಗಿಸಿದ ಮೇಣದಲ್ಲಿ ಅದ್ದೋದು. ಅದೂ ನಾದ ಕೇಳಿ ಒಪ್ಪಿಗೆಯಾದ ಮೇಲೆ."

ಮಾರ್ಚ್ ೧೭, ಮಂಗಳವಾರ

ಪಾರ್ಸೆಲ್ ಬಂತು. ನಾನು ಪ್ರೆಸ್ಸಿನಲ್ಲಿ. ಸಹಿ ಹಾಕಿ ತೆಗೆದುಕೊಂಡದ್ದು ಮಾವ. ಡಬ್ಬದ ಮೇಲೆ ಪಿಕಪ್ಪಿನ ಚಿತ್ರ ಅಷ್ಟು ದೊಡ್ಡದಾಗಿ ಯಾಕೆ ಹಾಕುತ್ತಾರೋ.

ನನ್ನ ಮೇಜಿನ ಅಂಚಿಗೆ ಸರಿಯಾಗಿ, ನೇರವಾಗಿ ಇಟ್ಟಿದ್ದರು. ಕೈಯಂತ್ರ ಟ್ರಂಕಿನೊಳಗೆ. ಮಾವ ಕಿಟಕಿಯ ಪಕ್ಕ.

"ಬಂತಲ್ಲ. ಒಳ್ಳೇದಾಯ್ತು," ಅಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರ್ಚ್ ೨೨, ಭಾನುವಾರ

ಐದು ದಿನ ಇಲ್ಲಿ ಬರೆಯಲು ಮುಖವಿರಲಿಲ್ಲ. ಡಬ್ಬ ಒಡೆಯಲೂ ಕೈ ಬರಲಿಲ್ಲ.

ಇವಳು ಬಟ್ಟೆ ಮಡಚುತ್ತ: "ತರಿಸಿದ್ದು ತಪ್ಪಲ್ಲ. ಬಚ್ಚಲಲ್ಲಿ ನಿಂತು ತರಿಸಿದ್ದು ತಪ್ಪು."

"ಬಚ್ಚಲು ಅಂತ ನಿಂಗೆ ಹೇಗೆ—"

"ನೀನು ಕದ್ದು ಮಾಡೋದೆಲ್ಲ ಅಲ್ಲೇ. ಹೋಗು, ಎದುರಿಗೆ ನಿಂತು ಹೇಳು."

ಹೋದೆ. "ಮಾವ, ಭಯ ಆಯ್ತು. ನಿಮ್ಮ ಕೈ ಮೇಲೆ ನಂಬಿಕೆ ಸಾಲಲಿಲ್ಲ. ಕೇಳದೆ ತರಿಸಿಬಿಟ್ಟೆ." ಮೂರು ವಾಕ್ಯ. ಒಂದಕ್ಕೂ ಪ್ರಾಸವಿಲ್ಲ.

ಕುರ್ಚಿಯನ್ನು ಕಿಟಕಿಯಿಂದ ನನ್ನ ಕಡೆ ತಿರುಗಿಸಿದರು. "ನನಗೇ ಸಾಲ್ತಿಲ್ಲ. ನಿನಗೆಲ್ಲಿಂದ ಬರ್ಬೇಕು?" ಆಮೇಲೆ: "ಎಲ್ಲಿ, ತಾ ಅದನ್ನ. ಅವರ ವೈಂಡಿಂಗ್ ನೋಡೋಣ."

ಭೂತಗನ್ನಡಿ ಹಿಡಿದು ನೋಡಿದರು. ಎದುರಂಗಡಿಯವನ ಕೆಲಸ ನೋಡುವ ಕಣ್ಣು. "ಮೆಷಿನ್ನು. ಎಣ್ಣೆ ಹಚ್ಚಿ ತಲೆ ಬಾಚಿದ ಹಾಗಿದೆ. ಥೂ."

ಟೀ ಆರುವ ಮೊದಲೇ ಟ್ರಂಕು ಎಳೆದ ಸದ್ದು.

ಮಾರ್ಚ್ ೨೬, ಗುರುವಾರ

ಎರಡನೇ ಕಾಯಿಲ್ ತಯಾರು. ಸಂಜೆ ರಿಪೇರಿಯವರ ಅಂಗಡಿಯಲ್ಲಿ ಎರಡರ ಪರೀಕ್ಷೆ — ಮಾವ ಸುತ್ತಿದ್ದು, ಪಾರ್ಸೆಲ್ ಬಂದದ್ದು. ಮಾವ ಸ್ಟೂಲಿನ ಮೇಲೆ, ಗೋಡೆಗೆ ಮುಖ ಮಾಡಿ. ಯಾವುದು ಯಾವುದೆಂದು ಅವರಿಗೆ ಹೇಳಬಾರದು — ಷರತ್ತು ಅವರದ್ದೇ. ರಿಪೇರಿಯವರು ಒಂದನ್ನು ಹಾಕಿದರು, ನುಡಿಸಿದೆ. ಬದಲಿಸಿದರು, ಅದನ್ನೇ ನುಡಿಸಿದೆ.

"ಮೊದಲನೇದು," ಅಂದರು ಮಾವ. "ಅದು ಮಾತಾಡುತ್ತೆ. ಎರಡನೇದಕ್ಕೆ ನೆಗಡಿ."

ಮೊದಲನೆಯದು ಪಾರ್ಸೆಲ್ ಡಬ್ಬದ್ದು.

ರಿಪೇರಿಯವರು ನನ್ನ ಮುಖ ನೋಡಿದರು. ನಾನು ನನ್ನ ಚಪ್ಪಲಿ. ಸುಳ್ಳು ಹೇಳಲು ಐದು ಸೆಕೆಂಡ್ ಇತ್ತು. ಬಚ್ಚಲು ನೆನಪಾಯಿತು.

"ಅದು ತರಿಸಿದ್ದು, ಮಾವ."

ತಿರುಗಿದರು. ಮುಖ ಬಾಡಿರುತ್ತೆ ಅಂದುಕೊಂಡಿದ್ದೆ. ಇಲ್ಲ. ತಮ್ಮ ಹಳೇ ಅಂಗಡಿಯ ಮುಖ ಬಂದಿತ್ತು — ಗಿರಾಕಿ "ಫ್ಯಾನ್ ಯಾಕೋ ನಿಧಾನ" ಅಂದಾಗ ಬರುತ್ತಿದ್ದ ಮುಖ. ಗಲ್ಲ ಕೆರೆದರು. ಆಮೇಲೆ, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ:

"ಎಂಟು ಸಾವಿರದ ಮೇಲೆ ಇನ್ನೊಂದು ಏಳ್ನೂರು ಸುತ್ತಿದೀನಿ. ಅಳಿಯನ ಕೆಲಸ, ಗಟ್ಟಿ ಇರ್ಲಿ ಅಂತ."

ರಿಪೇರಿಯವರು ಕೂತಲ್ಲೇ ನಕ್ಕರು. "ಯಜಮಾನ್ರೇ, ಜಾಸ್ತಿ ಸುತ್ತಿದ್ರೆ ನಾದ ಮಂಕು. ಅದೇ ನೆಗಡಿ!"

ಅಕ್ಕರೆ ಜಾಸ್ತಿ, ಸಕ್ಕರೆ ನಾಸ್ತಿ.

"ಬಿಚ್ಚಿದ್ರಾಯ್ತು," ಅಂದರು ಮಾವ.

ಮಾರ್ಚ್ ೨೮, ಶನಿವಾರ. ಮಧ್ಯಾಹ್ನ ೨

ಐದಕ್ಕೆ ನುಡಿಸಬೇಕು. ಗಿಟಾರಿನಲ್ಲಿ ಡಬ್ಬದ್ದೇ ಇದೆ. ಚೆನ್ನಾಗಿದೆ. ಮಾವನೇ ಪಾಸ್ ಮಾಡಿದ್ದು. ಸಾಕಿತ್ತು.

ಬೆಳಗಿಂದ ಮಾವ ತಾವು ಸುತ್ತಿದ್ದನ್ನು ಬಿಚ್ಚುತ್ತಿದ್ದಾರೆ. ನೂರು ಬಿಚ್ಚುವುದು, ಆಂಪ್‌ಗೆ ಜೋಡಿಸುವುದು, ಕೇಳುವುದು. ಪ್ರತಿ ಸಲ ಗಿಟಾರಿನೊಳಗೆ ಕೂರಿಸಲು ಪುರುಸೊತ್ತಿಲ್ಲ, ತಂತಿಗಳ ಮೇಲೆ ಕೈಯಲ್ಲೇ ಹಿಡಿದರೂ ಕೇಳುತ್ತದೆ. ನಾನು ಮೀಟುವುದು, ಅವರು ಹಿಡಿಯುವುದು. ಮೇಣ ಒಲೆಯ ಪಕ್ಕ ಸಿದ್ಧ. ಅದು ಕರಗಿರುವುದು ಇವಳ ಹಾಲಿನ ಪಾತ್ರೆಯಲ್ಲಿ. ಅವಳಿಗಿನ್ನೂ ಗೊತ್ತಿಲ್ಲ.

ಆರುನೂರು ಬಿಚ್ಚಿದ ಮೇಲೆ ನೆಗಡಿ ಹೋಯಿತು. ಒಂದು ಸ್ವರ ಮೀಟಿ ಬಿಟ್ಟೆ. ಮಾವನ ಕೈ ನಡುಗಿತು. ಪಿಕಪ್ ತಂತಿಗೆ ಹತ್ತಿರ, ದೂರ, ಹತ್ತಿರ... ಸ್ವರವೂ ಜೊತೆಗೇ ಅಲೆಯಿತು. ಅತ್ತು ಮುಗಿಸಿದ ಗಂಟಲು, ನಡುಕ ಇನ್ನೂ ಪೂರ್ತಿ ನಿಂತಿಲ್ಲದ್ದು. ಅದೇ. ಅದೇ!

"ಥತ್, ಕೈ," ಅಂತ ಹಿಂದೆಳೆದುಕೊಳ್ಳಲು ಹೋದರು.

"ತೆಗೀಬೇಡಿ," ಅಂದೆ. "ಹಾಗೇ ಇರ್ಲಿ."

ಇನ್ನೊಮ್ಮೆ ಮೀಟಿದೆ. ಕೇಳಿದರು. ಸ್ವರ ಪೂರ್ತಿ ಸಾಯುವ ತನಕ ಕೇಳಿದರು. ತಮ್ಮ ಕೈ ನೋಡಿಕೊಂಡರು — ಬಚ್ಚಿಡದೆ.

"ಸಂಜೆ ನೀವೂ ಬನ್ನಿ. ಹಾಡಿನ ಕೊನೇ ಸಾಲಿಗೆ ಇದನ್ನ ಹಿಡ್ಕೊಳ್ಳೋಕೆ."

"ನಾಲ್ಕು ಜನರ ಮುಂದೆ?"

"ನನಗೂ ನಾಲ್ಕೇ ಜನ."

ಹೂಂ ಅನ್ನಲಿಲ್ಲ. "ಏ, ನನ್ನ ನೀಲಿ ಶರ್ಟ್ ಎಲ್ಲಮ್ಮಾ?" ಅಂತ ಒಳಗೆ ಕೂಗಿದರು. ಒಳಗಿಂದ ಇವಳು: "ಅದಿರ್ಲಿ, ನನ್ನ ಹಾಲಿನ ಪಾತ್ರೆ ಎಲ್ಲಿ?"

ಮಾವ ಈಗ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದಾರೆ. ಲೆಕ್ಕ ಎಂಟು ಸಾವಿರಕ್ಕೇ ನಿಲ್ಲಲಿ ಅಂತ ಉಳಿದ ನೂರೂ ಬಿಚ್ಚಿಬಿಡಬೇಕಂತೆ, ಅವಳು ಬರುವ ಮೊದಲು ಮೇಣಕ್ಕೆ ಅದ್ದಬೇಕಂತೆ. ನಾನು ಎಣಿಸಬೇಕಂತೆ. ಒಂದು, ಎರಡು...